ಬಟನ್ ಇರೋ ಸ್ಮಾರ್ಟ್‌ಫೋನ್ ಈಗ ತಗೊಂಡ್ರೆ ನಡಿಯುತ್ತಾ?

ಹಾಸನದ ಓದುಗರೊಬ್ಬರು ಉದ್ದಕ್ಕೆ ಬರೆದು ಕೇಳಿದ್ದಾರೆ, ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದೀನಿ: "ಸರ್, ನಾನು ಬ್ಯಾಂಕಿಂದ ರಿಟೈರ್ ಆಗಿ ಮೂರು ವರ್ಷ ಆಯ್ತು. ಹಿಂದೆ ನೋಕಿಯಾ ಇ63 ಐದು ವರ್ಷ ಬಳಸಿದ್ದೆ, ಕರೆಂಟ್ ಹೋದ್ರೂ ಕತ್ತಲಲ್ಲೇ ಟೈಪ್ ಮಾಡ್ತಿದ್ದೆ. ಈಗಿನ ಟಚ್ ಫೋನಲ್ಲಿ ಒಂದಕ್ಷರ ಒತ್ತಿದ್ರೆ ಪಕ್ಕದ್ದು ಬೀಳುತ್ತೆ, ಮೊಮ್ಮಗ ನಗ್ತಾನೆ. ಪತ್ರಿಕೆಗೆ ಆಗಾಗ ಬರೆಯೋ ಚಟ ಇದೆ, ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್ ಹಾಕ್ಕೊಂಡು ಹೊಡೀತೀನಿ. ಟೊರಾಂಟೊದಲ್ಲಿರೋ ಮಗಳು ಬಟನ್ ಇರೋ ಫೋನ್ ಮತ್ತೆ ಬರ್ತಿದೆಯಪ್ಪಾ, ಒಂದು ಕಳಿಸ್ಲಾ ಅಂತಿದಾಳೆ. ತರಿಸ್ಕೋಬಹುದಾ? ಅದರಲ್ಲಿ ಕನ್ನಡ ಬರುತ್ತಾ? ಇಷ್ಟು ಒಳ್ಳೆ ವಸ್ತುನ ಕಂಪನಿಗಳು ಯಾಕೆ ನಿಲ್ಲಿಸಿದ್ವು? ಅಥವಾ ನಂದು ಬರೀ ಹಳೇ ನೆನಪಿನ ಹುಚ್ಚಾ?"

ಹುಚ್ಚಲ್ಲ ಸರ್, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನೆನಪಿನ ಪಾಲು ಸ್ವಲ್ಪ ಇದ್ದೇ ಇರುತ್ತೆ, ನಂಗೂ ಇದೆ, ಆದ್ರೆ ನೀವು ಹೇಳ್ತಿರೋ ಕಷ್ಟಕ್ಕೆ ಸರಿಯಾದ ಕಾರಣ ಇದೆ, ಅದನ್ನ ಅಳತೆ ಹಾಕಿ ತೋರಿಸೋಕೂ ಆಗುತ್ತೆ. ಅರ್ಜೆಂಟ್ ಇರೋರಿಗೆ ಚಿಕ್ಕ ಉತ್ತರ ಅಂದ್ರೆ, ಫೋನಲ್ಲಿ ನೀವು ಬರೆಯೋದು ಜಾಸ್ತಿನಾ ನೋಡೋದು ಜಾಸ್ತಿನಾ ಅಂತ ಒಂದು ವಾರ ಗಮನಿಸಿ, ಬರೆಯೋದೇ ಜಾಸ್ತಿ ಅಂತಾದ್ರೆ ತರಿಸ್ಕೊಳ್ಳಿ, ಆದ್ರೆ ತರಿಸೋಕೆ ಮುಂಚೆ ಕನ್ನಡದ ವಿಷಯ ಒಂದು, ಸಿಮ್ ವಿಷಯ ಒಂದು, ಇವೆರಡನ್ನ ಕಡ್ಡಾಯ ಚೆಕ್ ಮಾಡ್ಬೇಕು. ಮಿಕ್ಕಿದ್ದು ಉದ್ದ ಕಥೆ.

ನಾನು ಸುಮಾರು ವರ್ಷ ಕೀಪ್ಯಾಡ್ ಟೆಸ್ಟ್ ಮಾಡೋ ಬೆಂಚಲ್ಲಿ ಕೂತಿದ್ದವನು. ಕೆಲಸ ಏನಪ್ಪಾ ಅಂದ್ರೆ ಒಂದು ಮಿಷಿನ್ನು ರಬ್ಬರ್ ತುದಿಯ ಸರಳಿಂದ ಒಂದೇ ಬಟನ್ನ ಲಕ್ಷಗಟ್ಲೆ ಸಲ ಟಪ್ ಟಪ್ ಅಂತ ಒತ್ತುತ್ತೆ, ಮಧ್ಯೆ ಮಧ್ಯೆ ನಿಲ್ಲಿಸಿ ಆ ಬಟನ್ನು ಎಷ್ಟು ಸಾಯ್ತು ಅಂತ ಗ್ರಾಫ್ ತೆಗೀಬೇಕು. ಮೊದಮೊದಲು ಬೋರ್ ಹೊಡೀತಿತ್ತು, ಆಮೇಲೆ ಆ ಗ್ರಾಫಲ್ಲೇ ಇಡೀ ಗುಟ್ಟು ಇದೆ ಅಂತ ಗೊತ್ತಾಯ್ತು.

ನಿಮ್ಮ ಇ63 ಥರದ ಫೋನ್ ಬಿಚ್ಚಿದ್ರೆ ಮೇಲೆ ಪ್ಲಾಸ್ಟಿಕ್ ಬಟನ್ನುಗಳ ಚಾಪೆ ಇರುತ್ತೆ, ಅದನ್ನ ಎತ್ತಿದ್ರೆ ಕೆಳಗೆ ಬೋರ್ಡಿಗೆ ಅಂಟಿಸಿರೋ ತೆಳ್ಳನೆ ಶೀಟು, ಆ ಶೀಟಿನ ಅಡಿಯಲ್ಲಿ ಪ್ರತಿ ಬಟನ್ನಿಗೂ ಒಂದೊಂದು ಪುಟಾಣಿ ಸ್ಟೀಲ್ ಗುಮ್ಮಟ. ನಾಲ್ಕೈದು ಮಿಲಿಮೀಟರ್ ಅಗಲ, ಬೋರಲು ಹಾಕಿದ ಬಟ್ಟಲಿನ ಹಾಗೆ. ಬೆರಳಿಟ್ರೆ ಅದು ಮೊದಲು ತಡೆಯುತ್ತೆ, ಒತ್ತಡ ಏರ್ತಾ ಏರ್ತಾ ನೂರೈವತ್ತು ಇನ್ನೂರು ಗ್ರಾಂ ತೂಕದಷ್ಟು ಆದಾಗ ಆ ಬಟ್ಟಲು ಪಟ್ ಅಂತ ಒಳಕ್ಕೆ ಮಗುಚಿಕೊಂಡು ಕೆಳಗಿನ ಚಿನ್ನದ ಲೇಪದ ಗುರುತಿಗೆ ತಾಗುತ್ತೆ, ಅಕ್ಷರ ಬೀಳುತ್ತೆ, ಬೆರಳು ತೆಗೆದ್ರೆ ತಾನಾಗೇ ಮೇಲೆ ಬರುತ್ತೆ. ಇಷ್ಟೆಲ್ಲಾ ನಡೆಯೋದು ಕಾಲು ಮಿಲಿಮೀಟರ್ ಆಸುಪಾಸಿನಲ್ಲಿ. ಗ್ರಾಫಲ್ಲಿ ನೋಡಿದ್ರೆ ಗೆರೆ ಮೇಲಕ್ಕೆ ಹತ್ತಿ, ತಟ್ಟನೆ ಕೆಳಕ್ಕೆ ಬಿದ್ದು, ಮತ್ತೆ ಹತ್ತುತ್ತೆ. ಆ ಮಧ್ಯದ ಬೀಳೋದು ಇದೆಯಲ್ಲ, ಅದೇ ನಿಮ್ಮ ಬೆರಳಿಗೆ ಗೊತ್ತಾಗೋ ಕ್ಲಿಕ್ಕು. ಅದು ಎಷ್ಟು ಚುರುಕಾಗಿ ಬೀಳುತ್ತೋ ಬಟನ್ನು ಅಷ್ಟು ಗರಿಗರಿ ಅನ್ಸುತ್ತೆ. ಹಳೇದಾದ್ರೆ, ಬೆವರು ಧೂಳು ಸೇರಿದ್ರೆ, ಆ ಬೀಳೋದು ಮೊಂಡಾಗುತ್ತೆ, ನಿನ್ನೆ ಕರಿದ ಹಪ್ಪಳ ಮುರಿದಂಗೆ.

ಈಗ ಮುಖ್ಯ ಮಾತು. ಗುಮ್ಮಟ ಮಗುಚೋಕೆ ಮುಂಚೆ ಬೆರಳು ಬಟನ್ ಮೇಲೆ ಸುಮ್ನೆ ಕೂತಿರಬಹುದು, ಫೋನಿಗೆ ಅದು ಲೆಕ್ಕಕ್ಕಿಲ್ಲ. ಮುಟ್ಟೋದು ಬೇರೆ, ಒತ್ತೋದು ಬೇರೆ. ಟಚ್ ಗಾಜಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಅದಕ್ಕೆ ಮುಟ್ಟಿದ್ರೂ ಒತ್ತಿದಂಗೇ. ಹಂಗಾಗಿ ಗಾಜಿನ ಮೇಲೆ ನೀವು ಹೆಬ್ಬೆಟ್ಟು ಇಟ್ಟು ತಡವಿ ಜಾಗ ಹುಡುಕೋಹಾಗಿಲ್ಲ, ಗಾಳಿಯಲ್ಲಿ ಎತ್ತಿ ಹಿಡಿದು, ಕಣ್ಣಲ್ಲಿ ಗುರಿ ನೋಡಿ, ಕುಟ್ಟಬೇಕು. ಪ್ರತಿ ಅಕ್ಷರಕ್ಕೂ ಹಾಗೇ. ಬಟನ್ನಲ್ಲಿ ಬೆರಳು ಮೊದಲು ಅಂಚು ತಡವಿ 'ಹೂಂ ಇಲ್ಲೇ ಇದೀನಿ' ಅಂತ ಗೊತ್ತುಮಾಡ್ಕೊಂಡು ಆಮೇಲೆ ಒತ್ತುತ್ತೆ, ಕಣ್ಣು ಬರೆದ ಸಾಲಿನ ಮೇಲೇ ಇರುತ್ತೆ. ನೀವು ಕತ್ತಲಲ್ಲಿ ಟೈಪ್ ಮಾಡ್ತಿದ್ರಲ್ಲ, ಕತ್ತಲಲ್ಲಿ ಅಡುಗೆಮನೆಗೆ ಹೋಗಿ ಸ್ವಿಚ್ ಹಾಕ್ತೀವಲ್ಲ ಅದೇ ವಿದ್ಯೆ. ಗಾಜಿನ ಫೋನಲ್ಲಿ ಒತ್ತಿದ ಮೇಲೆ ಡುರ್ ಅಂತ ನಡುಗಿಸೋದು ಇದೆ, ಆದ್ರೆ ಅದು ಆದಮೇಲೆ ಬರೋ ಸುದ್ದಿ, ತಪ್ಪು ಅಕ್ಷರ ಬಿದ್ರೂ ಅದೇ ಡುರ್.

ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದು ನಿಮ್ಮ ಮಗಳು ಇರೋ ಕಡೆಯವರೇ. ಟೊರಾಂಟೊದಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ವಾಟರ್ಲೂ ಅಂತ ಊರಿದೆ, ಅಲ್ಲಿ 1984ರಲ್ಲಿ ಶುರುವಾದ ರಿಸರ್ಚ್ ಇನ್ ಮೋಷನ್ ಅನ್ನೋ ಕಂಪನಿ, ಮೈಕ್ ಲಝಾರಿಡಿಸ್ ಅದರ ತಲೆ, 1999ರಲ್ಲಿ ಬ್ಲಾಕ್‌ಬೆರಿ 850 ಅನ್ನೋ ಪೇಜರ್ ಬಿಟ್ರು. ಗಡಿಯಾರಕ್ಕೆ ಹಾಕೋ ಒಂದು ಎಎ ಸೆಲ್ಲಲ್ಲಿ ಓಡ್ತಿತ್ತು, ಇಮೇಲ್ ಬರ್ತಿತ್ತು. ಅವರು ಹಿಡಿದ ಉಪಾಯ ಏನಂದ್ರೆ ಅಂಗೈಯಲ್ಲಿ ಹಿಡಿಯೋ ವಸ್ತುವಿಗೆ ಹತ್ತು ಬೆರಳಿನ ಕೀಬೋರ್ಡ್ ಯಾಕೆ, ಎರಡು ಹೆಬ್ಬೆಟ್ಟಿಗೆ ಹೊಂದೋ ಹಾಗೆ ಮಾಡೋಣ ಅಂತ. ಬ್ಲಾಕ್‌ಬೆರಿ ಅನ್ನೋ ಹೆಸರು ಬಂದಿದ್ದೂ ಆ ಬಟನ್ನುಗಳು ಹಣ್ಣಿನ ಬೀಜದಂಗೆ ಕಾಣ್ತವೆ ಅಂತಲೇ. ಮುಂದೆ ಅವರ ಬೋಲ್ಡ್ ಸೀರೀಸಲ್ಲಿ, 2008ರ 9000ದಿಂದ 2011ರ 9900ವರೆಗೆ, ಕೆಲಸ ಎಷ್ಟು ನಾಜೂಕಾಯ್ತು ಅಂದ್ರೆ ಪ್ರತಿ ಬಟನ್ನಿನ ಮೇಲೂ ಒಂದು ಓರೆ ಏಣು ಇರುತ್ತೆ, ಎಡಗಡೆ ಬಟನ್ನುಗಳ ಏಣು ಒಂದು ದಿಕ್ಕಿಗೆ, ಬಲಗಡೆಯವು ಅದಕ್ಕೆ ಎದುರು ದಿಕ್ಕಿಗೆ, ಯಾಕಂದ್ರೆ ಹೆಬ್ಬೆಟ್ಟು ನೇರ ಮೇಲಿಂದ ಬರಲ್ಲ, ಪಕ್ಕದಿಂದ ಓರೆಯಾಗಿ ಬರುತ್ತೆ. ಸಾಲಿಗೂ ಸಾಲಿಗೂ ಮಧ್ಯೆ ವೀಣೆಯ ಮೆಟ್ಟಿಲಿನ ಥರ ಒಂದು ಲೋಹದ ಪಟ್ಟಿ. ಬೆರಳು ಮೇಲಿನ ಸಾಲಿಗೆ ಹೋಯ್ತು ಅಂದ್ರೆ ಆ ಪಟ್ಟಿ ದಾಟಿದ್ದು ಚರ್ಮಕ್ಕೇ ಗೊತ್ತಾಗುತ್ತೆ. 9900 ಕೈಗೆ ಸಿಕ್ರೆ ಕಣ್ಣು ಮುಚ್ಕೊಂಡು ಒಂದು ಸಲ ಸವರಿ ನೋಡಿ, ಫೋನ್ ಸತ್ತಿದ್ರೂ ಪರವಾಗಿಲ್ಲ. ಇಷ್ಟು ವರ್ಷದಲ್ಲಿ ನಾನು ಮುಟ್ಟಿರೋದ್ರಲ್ಲಿ ಅದಕ್ಕಿಂತ ಒಳ್ಳೆ ಕೀಪ್ಯಾಡ್ ಇಲ್ಲ, ಇದು ನನ್ನ ಪಕ್ಷಪಾತ ಅಂದ್ಕೊಂಡ್ರೂ ಸರಿ.

ಇನ್ನೊಂದು ಜನ ಮರೆತಿರೋದು, ಬಟನ್ನು ಬರೀ ಅಕ್ಷರಕ್ಕಲ್ಲ. ಆ ಫೋನುಗಳಲ್ಲಿ ಮೆಸೇಜ್ ಪಟ್ಟಿಯಲ್ಲಿದ್ದಾಗ ಟಿ ಒತ್ತಿದ್ರೆ ಮೇಲಕ್ಕೆ, ಬಿ ಒತ್ತಿದ್ರೆ ತಳಕ್ಕೆ, ಯು ಒತ್ತಿದ್ರೆ ಓದದೇ ಇರೋ ಮುಂದಿನದಕ್ಕೆ ಹೋಗ್ತಿತ್ತು, ಆರ್ ಒತ್ತಿದ್ರೆ ಉತ್ತರ ಬರೆಯೋ ಜಾಗ ತೆರೀತಿತ್ತು, ಸ್ಪೇಸ್ ಎರಡು ಸಲ ಒತ್ತಿದ್ರೆ ಫುಲ್‌ಸ್ಟಾಪ್. 2017ರ ಬ್ಲಾಕ್‌ಬೆರಿ ಕೀವನ್ ಫೋನಲ್ಲಿ ಒಂದೊಂದು ಅಕ್ಷರಕ್ಕೂ ಚಿಕ್ಕ ಒತ್ತು ಒಂದು, ಉದ್ದ ಒತ್ತು ಒಂದು ಅಂತ ಇಪ್ಪತ್ತಾರು ಬಟನ್ನಿಗೆ 52 ಶಾರ್ಟ್‌ಕಟ್ ಕೊಟ್ಟಿದ್ರು, ಮನೆಯವರ ನಂಬರ್ ಎಂ ಮೇಲೆ, ಬ್ಯಾಂಕ್ ಆ್ಯಪ್ ಬಿ ಮೇಲೆ, ಹಿಂಗೆ. ಬಟನ್ನುಗಳ ಮೇಲ್ಮೈಯೇ ಟಚ್ ಕೂಡ, ಅದರ ಮೇಲೆ ಸುಮ್ನೆ ಸವರಿದ್ರೆ ಪೇಜು ಸರಿಯುತ್ತೆ, ಸ್ಕ್ರೀನ್ ಮೇಲೆ ಬೆರಳು ಅಡ್ಡ ಬರಲ್ಲ.

ಆದ್ರೆ ಸ್ಪೀಡ್ ವಿಷಯದಲ್ಲಿ ನಿಮಗೆ ಸುಳ್ಳು ಹೇಳಲ್ಲ. ಬಟನ್ ಅಭಿಮಾನಿಗಳು ಇದು ಟಚ್‌ಗಿಂತ ಎರಡರಷ್ಟು ಸ್ಪೀಡು ಅಂತೆಲ್ಲಾ ಹೊಡೀತಾರೆ. 2005ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನವರು ಈ ಚಿಕ್ಕ ಬಟನ್ ಕೀಬೋರ್ಡುಗಳ ಮೇಲೆ ಜನರನ್ನ ಕೂರಿಸಿ ನೋಡಿದ್ರು, ಶುರುವಲ್ಲಿ ನಿಮಿಷಕ್ಕೆ ಮೂವತ್ತು ಪದದ ಹತ್ತಿರ, ಇಪ್ಪತ್ತು ನಿಮಿಷದ ಇಪ್ಪತ್ತು ಸೆಷನ್ ಆದಮೇಲೆ ಅರವತ್ತರ ಹತ್ತಿರ ಬಂದ್ರು. 2019ರಲ್ಲಿ ಯುರೋಪಿನ ಸಂಶೋಧಕರು 37,000 ಜನರ ಟಚ್ ಟೈಪಿಂಗ್ ಅಳೆದಾಗ ಸರಾಸರಿ 36 ಪದ ಬಂತು. ಮೇಲುನೋಟಕ್ಕೆ ಬಟನ್ನೇ ಗೆದ್ದಂಗೆ ಕಾಣುತ್ತೆ, ಆದ್ರೆ ಒಂದು ಕಡೆ ಕೂತು ಪ್ರಾಕ್ಟೀಸ್ ಮಾಡಿದವರು, ಇನ್ನೊಂದು ಕಡೆ ದಾರಿಲಿ ಹೋಗೋ ಜನ, ಎರಡನ್ನ ಒಂದೇ ತಕ್ಕಡಿಗೆ ಹಾಕೋಹಾಗಿಲ್ಲ, ಅದೂ ಎರಡೂ ಇಂಗ್ಲಿಷಿನ ಲೆಕ್ಕ. ನಿಮ್ಮ ಮೊಮ್ಮಗನ ಜೊತೆ ಪಂದ್ಯ ಕಟ್ಟಬೇಡಿ ಸರ್, ಅವನು ಗಾಜಿನ ಮೇಲೂ ಗೆಲ್ತಾನೆ.

ಗೆಲ್ಲೋದು ಹೇಗೆ ಅಂದ್ರೆ, ಟಚ್ ಕೀಬೋರ್ಡು ಒಳಗೊಳಗೇ ಊಹೆ ಮಾಡ್ತಾ ಇರುತ್ತೆ. ಮುಂದಿನ ಅಕ್ಷರ ಯಾವುದು ಬರಬಹುದು ಅಂತ ಲೆಕ್ಕ ಹಾಕಿ ಆ ಅಕ್ಷರದ ಜಾಗನ ಕಣ್ಣಿಗೆ ಕಾಣದಂಗೆ ದೊಡ್ಡದು ಮಾಡಿರುತ್ತೆ, ನೀವು ಪಕ್ಕಕ್ಕೆ ಕುಟ್ಟಿದ್ರೂ ಸರಿಯಾದದ್ದೇ ಬೀಳುತ್ತೆ. ಇಂಗ್ಲಿಷಿಗೆ ಇದು ಅದ್ಭುತವಾಗಿ ಕೆಲಸ ಮಾಡುತ್ತೆ. ನಮ್ಮ ಮಾತಿಗೆ ಬಂದಾಗ ಎಡವಟ್ಟು. 'ಹೋಗ್ಬಿಟ್ಟಿದ್ನಲ್ಲ' ಅನ್ನೋದು ಯಾವ ಡಿಕ್ಷನರಿಲಿ ಇರುತ್ತೆ? ನಮ್ಮ ಮಾವನವರಿಗೆ ಒಂದು ಸಲ ಇಂಗ್ಲಿಷ್ ಅಕ್ಷರದಲ್ಲಿ ಊಟಕ್ಕೆ ಬನ್ನಿ ಅಂತ ಕಳಿಸಿದ್ದೆ, ಫೋನ್ ತಿದ್ದಿ ಮೊಲದ ಬನ್ನಿ ಮಾಡಿ ಕಳಿಸಿತ್ತು, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣ್ತವೆ, ಅವರು ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಬಂದ ಕೂಡಲೇ 'ಏನಪ್ಪಾ ಇವತ್ತು ಮೊಲದ ಸಾರಾ' ಅಂತ ಕೇಳಿದ್ರು. ಬಟನ್ ಫೋನಲ್ಲಿ ಒತ್ತಿದ್ದು ಬೀಳುತ್ತೆ, ಅಷ್ಟೇ. ತಪ್ಪಾದ್ರೆ ಅದು ನಿಮ್ಮ ತಪ್ಪು. ಬರೆಯೋ ಜನಕ್ಕೆ ಇದು ದೊಡ್ಡ ನೆಮ್ಮದಿ, ಊಹೆಯ ಜೊತೆ ಗುದ್ದಾಡೋ ಕೆಲಸ ಇಲ್ಲ.

ಹಂಗಾದ್ರೆ ಯಾಕೆ ನಿಲ್ಲಿಸಿದ್ರು ಅಂತ ಕೇಳಿದ್ರಿ. 2007ರ ಜನವರಿ 9ಕ್ಕೆ ಸ್ಟೀವ್ ಜಾಬ್ಸ್ ಐಫೋನ್ ತೋರಿಸೋವಾಗ ಹಿಂದಿನ ಪರದೆ ಮೇಲೆ ನಾಲ್ಕು ಫೋನ್ ಹಾಕಿದ್ರು, ಮೋಟೋ ಕ್ಯೂ, ಒಂದು ಬ್ಲಾಕ್‌ಬೆರಿ, ಪಾಮ್ ಟ್ರಿಯೋ, ಮತ್ತೆ ನಿಮ್ಮ ಇ63ಯ ದೊಡ್ಡಣ್ಣ ನೋಕಿಯಾ ಇ62. ಇವುಗಳ ಕೆಳಗಿನ ಭಾಗ ಪ್ಲಾಸ್ಟಿಕ್ಕಲ್ಲಿ ಎರಕ ಹೊಯ್ದುಬಿಟ್ಟಿದೆ, ಬೇಕಿರಲಿ ಬೇಡದಿರಲಿ ಆ ಬಟನ್ನು ಅಲ್ಲೇ ಕೂತಿರುತ್ತೆ, ನಾಳೆ ಹೊಸ ಐಡಿಯಾ ಬಂದ್ರೆ ಮಾರಿದ ಫೋನಿಗೆ ಇನ್ನೊಂದು ಬಟನ್ ಸೇರಿಸೋಕಾಗಲ್ಲ ಅನ್ನೋದು ವಾದ. ವಾದ ಸರಿನೇ ಇತ್ತು ಸರ್, ನಮ್ಮ ಬೆಂಚಲ್ಲಿ ಕೂತವರೂ ಒಪ್ಪಿದ್ವಿ, ಗೊಣಗಿಕೊಂಡು.

ಅದಾದ ಮೇಲೆ ಬಟನ್ ಕಂಪನಿಗಳು ಎರಡೂ ಕಡೆ ಕಾಲಿಡೋಕೆ ಹೋಗಿ ಬಿದ್ದಿದ್ದೇ ಜಾಸ್ತಿ. ಬ್ಲಾಕ್‌ಬೆರಿಯವರು 2008ರಲ್ಲಿ ಸ್ಟಾರ್ಮ್ ಅಂತ ಬಿಟ್ರು, ಇಡೀ ಸ್ಕ್ರೀನೇ ಒಂದು ದೊಡ್ಡ ಬಟನ್ನು, ಗಾಜು ಒತ್ತಿದ್ರೆ ಕ್ಲಿಕ್ ಅಂತ ಕೆಳಗೆ ಹೋಗುತ್ತೆ. ಕೇಳೋಕೆ ಚೆನ್ನಾಗಿದೆ, ಕೈಲಿ ಹಿಡಿದ್ರೆ ಒಂದು ಅಕ್ಷರ ಒತ್ತಿ ಗಾಜು ವಾಪಸ್ ಮೇಲೆ ಬರೋವರೆಗೂ ಇನ್ನೊಂದು ಹೆಬ್ಬೆಟ್ಟು ಕಾಯಬೇಕು, ಎರಡು ಹೆಬ್ಬೆಟ್ಟಿನ ಲಯವೇ ಕೆಟ್ಟುಹೋಯ್ತು. ಇನ್ನೊಂದು ದಾರಿ ಸ್ಲೈಡರ್. ಮೊದಲ ಆಂಡ್ರಾಯ್ಡ್ ಫೋನ್ ಆದ 2008ರ ಎಚ್‌ಟಿಸಿ ಡ್ರೀಮಿಗೇ ಪಕ್ಕಕ್ಕೆ ಜಾರೋ ಕೀಬೋರ್ಡ್ ಇತ್ತು ಅಂತ ಈಗಿನ ಹುಡುಗರಿಗೆ ಹೇಳಿದ್ರೆ ನಂಬಲ್ಲ. ನೋಕಿಯಾ ಎನ್97, ಎನ್900, ಮೊಟೊರೊಲಾ ಮೈಲ್‌ಸ್ಟೋನ್ ಎಲ್ಲಾ ಅದೇ ದಾರಿ. ಸ್ಲೈಡರಿನ ರೋಗ ಏನಂದ್ರೆ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸಂಪರ್ಕ ಕೊಡೋ ರಿಬ್ಬನ್ ಕೇಬಲ್ಲು, ಕಾಗದದಷ್ಟು ತೆಳು, ಪ್ರತಿ ಸಲ ತೆಗೆದು ಹಾಕಿದಾಗ ಒಂದೇ ಜಾಗದಲ್ಲಿ ಮಡಚುತ್ತೆ, ಒಂದು ದಿನ ಡಿಸ್‌ಪ್ಲೇ ಗೆರೆಗೆರೆ. ರಿಪೇರಿ ಅಂಗಡಿಯವರಿಗೆ ಹಬ್ಬ. ಜೊತೆಗೆ ಎರಡು ಪದರ ಅಂದಮೇಲೆ ಫೋನ್ ದಪ್ಪ, ಬ್ಯಾಟರಿಗೆ ಜಾಗ ಕಮ್ಮಿ.

ನನ್ನ ಪ್ರಕಾರ ಬಟನ್ನನ್ನ ನಿಜವಾಗಿ ಕೊಂದಿದ್ದು ಗಾಜು ಅಲ್ಲ, ವಿಡಿಯೋ ಮತ್ತೆ ಗೋಡೌನು. ವಿಡಿಯೋ ಗೊತ್ತಾಗುತ್ತೆ, ಜನ ಫೋನಲ್ಲಿ ಬರೆಯೋದು ಬಿಟ್ಟು ನೋಡೋಕೆ ಶುರು ಮಾಡಿದ್ರು, ಮೂರು ಇಂಚಿನ ಸ್ಕ್ರೀನಲ್ಲಿ ಕ್ರಿಕೆಟ್ ಯಾರು ನೋಡ್ತಾರೆ. ಗೋಡೌನು ಹೇಗೆ ಅಂದ್ರೆ, ಬಟನ್ ಮೇಲೆ ಅಕ್ಷರ ಅಚ್ಚು ಹಾಕ್ಬೇಕು. ಫ್ರಾನ್ಸಿಗೆ ಒಂದು ಜೋಡಣೆ, ಜರ್ಮನಿಗೆ ಇನ್ನೊಂದು, ಅರಬ್ಬರಿಗೆ ಮತ್ತೊಂದು. ಒಂದೇ ಫೋನಿಗೆ ಹತ್ತಾರು ಥರದ ಕೀಪ್ಯಾಡ್ ಮಾಡಿ, ಯಾವ ದೇಶಕ್ಕೆ ಎಷ್ಟು ಅಂತ ಮೊದಲೇ ಅಂದಾಜು ಹಾಕಿ ಸ್ಟಾಕ್ ಇಡ್ಬೇಕು, ಅಂದಾಜು ತಪ್ಪಿದ್ರೆ ಒಂದು ಕಡೆ ಮಾಲಿಲ್ಲ ಇನ್ನೊಂದು ಕಡೆ ಧೂಳು ತಿಂತಿದೆ. ಗಾಜಾದ್ರೆ ಒಂದೇ ಫೋನ್ ಮಾಡಿ ಜಗತ್ತಿಗೆಲ್ಲಾ ಮಾರಬಹುದು, ಭಾಷೆ ಆಮೇಲೆ ಡೌನ್‌ಲೋಡ್ ಆಗುತ್ತೆ. ಲೆಕ್ಕ ಗೊತ್ತಿರೋ ಬ್ಯಾಂಕಿನವರು ನೀವು, ಇದನ್ನ ಜಾಸ್ತಿ ಬಿಡಿಸಿ ಹೇಳೋದು ಬೇಡ.

ಈ ಕಡೇ ಮಾತಲ್ಲೇ ಕನ್ನಡದ ಕಥೆನೂ ಇದೆ, ಮತ್ತೆ ಇಲ್ಲಿ ನಾನು ಗಾಜಿನ ಪರ. ಬಟನ್ ಫೋನಿನ ಕಾಲದಲ್ಲಿ ಕನ್ನಡ ಎಷ್ಟು ಬರೆದ್ವಿ ಹೇಳಿ? ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಸಿಗ್ತಿತ್ತು, ಕನ್ನಡದಲ್ಲಿ ಬರೆದ್ರೆ ಒಂದೊಂದು ಅಕ್ಷರಕ್ಕೆ 16 ಬಿಟ್ ಬೇಕಾಗಿ ಅದು 70ಕ್ಕೆ ಇಳೀತಿತ್ತು, ಅದರಲ್ಲೂ ಒತ್ತು ಕಾಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ, ಒಂದು ಮದುವೆ ಕರೆಯೋಲೆ ಕಳಿಸಿದ್ರೆ ಮೂರು ಮೆಸೇಜಿನ ದುಡ್ಡು. ಅದಕ್ಕೇ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದು ಕಲಿತಿದ್ದು. ಟಚ್ ಬಂದಮೇಲೆ, ಯಾರೂ ಬಟನ್ ಮೇಲೆ ಕನ್ನಡ ಅಚ್ಚು ಹಾಕೋವರೆಗೂ ಕಾಯದೇ, ನಮ್ಮ ಅಮ್ಮಂದಿರೂ ಕನ್ನಡದಲ್ಲಿ ವಾಟ್ಸಾಪ್ ಮಾಡೋಹಂಗಾಯ್ತು. ಆ ಋಣ ಮರೆಯೋಹಾಗಿಲ್ಲ.

ಈಗ ನಿಮ್ಮ ಪ್ರಶ್ನೆ, ಬಟನ್ ಫೋನಲ್ಲಿ ಕನ್ನಡ ಬರುತ್ತಾ ಅಂತ. ಒಂದು ವಿಷಯ ತಿಳ್ಕೊಳ್ಳಿ, ಬಟನ್ನಿಗೆ ಭಾಷೆ ಇಲ್ಲ. ಕೆ ಒತ್ತಿದ್ರೆ ಅದು ಕೆ ಅನ್ನೋ ಸಂದೇಶ ಕಳಿಸುತ್ತೆ ಅಷ್ಟೇ, ಅದನ್ನ ಕ ಮಾಡೋದು ಫೋನೊಳಗಿನ ಸಾಫ್ಟ್‌ವೇರು. ಇನ್‌ಸ್ಕ್ರಿಪ್ಟ್ ಅಂತ ಭಾರತದ ಭಾಷೆಗಳಿಗೆ ಮಾಡಿರೋ ಕೀ ಜೋಡಣೆ ಇದೆ, ಅದು ಈ ಪುಟಾಣಿ ಕೀಪ್ಯಾಡಲ್ಲಿ ಕೂರಲ್ಲ, ಯಾಕಂದ್ರೆ ಅದು ಕಂಪ್ಯೂಟರ್ ಕೀಬೋರ್ಡಿನ ಬಲತುದಿಯ ಚಿಹ್ನೆಗಳ ಕೀಗಳನ್ನೂ ಅಕ್ಷರಕ್ಕೆ ಬಳಸ್ಕೊಳ್ಳುತ್ತೆ, ಚ ಇರೋದು ಸೆಮಿಕೋಲನ್ ಮೇಲೆ, ಟ ಅದರ ಪಕ್ಕದ ಕೀ ಮೇಲೆ, ಡ ಬ್ರಾಕೆಟ್ ಮೇಲೆ. ಫೋನಿನ ಕೀಪ್ಯಾಡಲ್ಲಿ ಇಪ್ಪತ್ತಾರು ಅಕ್ಷರದ ಆಚೆ ಆ ಕೀಗಳೇ ಇಲ್ಲ. ಅಂದ್ರೆ ಬೆಳಿಗ್ಗೆ ಎದ್ದು 'ಚಟ್ನಿ' ಅಂತ ಬರೆಯೋಕಾಗಲ್ಲ. ಆದ್ರೆ ನೀವು ನುಡಿಯವರು. ನುಡಿಯಲ್ಲಿರೋದು ಕೆ.ಪಿ. ರಾವ್ ಅವರ ಜೋಡಣೆ, ನಮ್ಮ ಸರ್ಕಾರ ಒಪ್ಪಿಕೊಂಡಿದ್ದೂ ಅದನ್ನೇ, ಅದರ ಚಂದ ಏನು ಅಂದ್ರೆ ಇಡೀ ವರ್ಣಮಾಲೆನ ಆ ಇಪ್ಪತ್ತಾರು ಕೀ ಮತ್ತು ಶಿಫ್ಟ್ ಒಳಗೇ ಮುಗಿಸಿದೆ. ಕನ್ನಡ ಅಂದ್ರೆ ಕೆ, ಎನ್, ಎಫ್ (ಒತ್ತಕ್ಷರ ತರೋ ಕೀ), ಎನ್, ಡಬ್ಲ್ಯೂ (ಡ), ಐದು ಸಲ ಒತ್ತಿದ್ರಾಯ್ತು, ಶಿಫ್ಟೂ ಬೇಡ. ಚಟ್ನಿ ಅಂದ್ರೆ ಸಿ, ಕ್ಯೂ, ಎಫ್, ಎನ್, ಐ. ನಿಮ್ಮ ಬೆರಳಿಗೆ ಇದು ಈಗಾಗ್ಲೇ ಬಾಯಿಪಾಠ. ಯಾರೋ ಕಂಪ್ಯೂಟರಿಗೆ ಅಂತ ಮಾಡಿದ್ದು ಅಂಗೈ ಫೋನಿಗೆ ಅಳತೆ ತಗೊಂಡು ಹೊಲಿದಂಗೆ ಕೂರುತ್ತೆ, ನಾನಂತೂ ಮೊದಲ ಸಲ ಲೆಕ್ಕ ಹಾಕಿದಾಗ ಕುಣಿದಾಡಿದ್ದೆ.

ತೊಡಕು ಇಷ್ಟೇ, ಟಚ್ಚಲ್ಲಿ ಕನ್ನಡ ಮೂಡಿಸೋ ಎಲ್ಲಾ ಆ್ಯಪೂ ಹೊರಗಿನ ಬಟನ್ನು ಒತ್ತಿದಾಗ ಕನ್ನಡ ಮೂಡಿಸಲ್ಲ, ಕೆಲವು ಬಾಯಿ ಮುಚ್ಕೊಂಡು ಇಂಗ್ಲಿಷೇ ಬಿಡ್ತವೆ. ಇದನ್ನ ಫೋನ್ ತರಿಸದೇನೇ ಪರೀಕ್ಷೆ ಮಾಡಬಹುದು. ಅಂಗಡಿಲಿ ನೂರು ರೂಪಾಯಿ ಆಸುಪಾಸಿಗೆ ಒಟಿಜಿ ಅಂತ ಚಿಕ್ಕ ಕನೆಕ್ಟರ್ ಸಿಗುತ್ತೆ, ಅದನ್ನ ನಿಮ್ಮ ಈಗಿನ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ, ಅದಕ್ಕೆ ಮನೆ ಕಂಪ್ಯೂಟರಿನ ಯುಎಸ್‌ಬಿ ಕೀಬೋರ್ಡ್ ಹಾಕಿ, ನೀವು ಬಳಸೋ ಕನ್ನಡ ಆ್ಯಪಲ್ಲಿ ನುಡಿ ಜೋಡಣೆ ಇಟ್ಕೊಂಡು ಕೆ ಎನ್ ಎಫ್ ಎನ್ ಡಬ್ಲ್ಯೂ ಹೊಡೀರಿ. ಸ್ಕ್ರೀನ್ ಮೇಲೆ ಕನ್ನಡ ಅಂತ ಬಂದ್ರೆ ಬಟನ್ ಫೋನಲ್ಲೂ ಬರೋ ಸಾಧ್ಯತೆ ಚೆನ್ನಾಗಿದೆ. ಬರ್ಲಿಲ್ಲ ಅಂದ್ರೆ ಇನ್ನೊಂದು ಆ್ಯಪ್ ಹಾಕಿ ನೋಡಿ. ಯಾವುದರಲ್ಲೂ ಬರ್ಲಿಲ್ಲ ಅಂದ್ರೆ ಮಗಳಿಗೆ ಫೋನ್ ಮಾಡಿ ಬೇಡಮ್ಮ ಅನ್ನಿ.

ಯಾವ ಫೋನು ಅನ್ನೋದಕ್ಕೆ ಬರೋಣ. ಹಳೇ ಬ್ಲಾಕ್‌ಬೆರಿಗಳು, ಬೋಲ್ಡ್, ಕರ್ವ್, 2014ರ ಚೌಕ ಸ್ಕ್ರೀನಿನ ಪಾಸ್‌ಪೋರ್ಟ್, ಇವೆಲ್ಲಾ ಆನ್‌ಲೈನಲ್ಲಿ ಫಳಫಳ ಅಂತ ಕಾಣ್ತವೆ, ಮೋಸ ಹೋಗ್ಬೇಡಿ. ಅವುಗಳ ಹಿಂದಿದ್ದ ಸರ್ವಿಸ್‌ನ ಕಂಪನಿ 2022ರ ಜನವರಿ 4ಕ್ಕೆ ನಿಲ್ಲಿಸಿತು, ವಾಟ್ಸಾಪ್ ಅಂತೂ 2017ರ ಕೊನೆಗೇ ಕೈಬಿಟ್ಟಿತ್ತು. ಶೋಕೇಸಲ್ಲಿಡೋಕೆ ಸರಿ. ಆಂಡ್ರಾಯ್ಡ್ ಇರೋ ಕೀವನ್, ಕೀಟೂ ಇನ್ನೂ ಓಡ್ತವೆ, ಆದ್ರೆ ಬ್ಲಾಕ್‌ಬೆರಿ ಹೆಸರಲ್ಲಿ ಅವನ್ನ ಮಾಡ್ತಿದ್ದ ಚೀನಾದ ಟಿಸಿಎಲ್ ಕಂಪನಿಯ ಲೈಸೆನ್ಸ್ 2020ರಲ್ಲೇ ಮುಗೀತು, ಎರಡೂ ಆಂಡ್ರಾಯ್ಡ್ 8ರಲ್ಲೇ ನಿಂತುಹೋಗಿವೆ, ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಫೋನಲ್ಲಿ ಪೆನ್ಶನ್ ಅಕೌಂಟಿನ ಆ್ಯಪ್ ಇಡಿ ಅಂತ ನಾನು ಹೇಳಲ್ಲ.

ಹೊಸದು ಅಂದ್ರೆ ಎರಡು ಜಾತಿ. ಒಂದು, ಬಟನ್ನೇ ಫೋನಿನ ಭಾಗ ಆಗಿರೋದು. ಶಾಂಘೈನ ಯುನಿಹರ್ಟ್ಜ್ ಕಂಪನಿ ಟೈಟನ್ ಅನ್ನೋ ಹೆಸರಲ್ಲಿ ಕೆಲವು ವರ್ಷದಿಂದ ಬಿಡ್ತಾನೇ ಇದೆ, 2025ರಲ್ಲಿ ಟೈಟನ್ 2 ಬಂತು, ಪಾಸ್‌ಪೋರ್ಟಿನಂಗೆ ನಾಲ್ಕೂವರೆ ಇಂಚಿನ ಚೌಕ ಸ್ಕ್ರೀನು. ಕೈಲಿ ಹಿಡಿದ್ರೆ ಇಟ್ಟಿಗೆ, ಜುಬ್ಬಾ ಜೇಬಲ್ಲಿ ಹಾಕಿದ್ರೆ ಜುಬ್ಬಾನೇ ಒಂದು ಕಡೆ ವಾಲುತ್ತೆ. ಓದೋಕೆ ಬರೆಯೋಕೆ ಚೌಕ ಚೆನ್ನಾಗೇ ಇದೆ, ಸಾಲು ಉದ್ದ ಸಿಗುತ್ತೆ, ಆದ್ರೆ ಈಗಿನ ಆ್ಯಪುಗಳೆಲ್ಲಾ ಉದ್ದ ಸ್ಕ್ರೀನಿಗೆ ಅಂತ ಮಾಡಿದ್ದು, ಕೆಲವದ್ರಲ್ಲಿ ಕೆಳಗಿನ ಓಕೆ ಬಟನ್ನೇ ಕಾಣದೇ ಹುಡುಕಾಡಬೇಕಾಗುತ್ತೆ. ಎರಡನೇ ಜಾತಿ, ಈಗಿರೋ ಫೋನಿಗೇ ಕವರ್ ಥರ ತೊಡಿಸೋ ಕೀಬೋರ್ಡು. 2024ರ ಜನವರಿಯಲ್ಲಿ ಕ್ಲಿಕ್ಸ್ ಅಂತ ಐಫೋನಿಗೆ ಬಂತು, ಆಗ 139 ಡಾಲರಿಂದ ಶುರು ಇತ್ತು, ಆಮೇಲೆ ಕೆಲವು ಆಂಡ್ರಾಯ್ಡ್ ಫೋನಿಗೂ ಮಾಡಿದ್ರು. ಚಾರ್ಜಿಂಗ್ ಜಾಗಕ್ಕೆ ಸಿಕ್ಕಿಕೊಳ್ಳುತ್ತೆ, ಅದಕ್ಕೆ ಬೇರೆ ಬ್ಯಾಟರಿ ಬೇಡ. ಲಾಭ ಏನಂದ್ರೆ ಸ್ಕ್ರೀನ್ ಪೂರ್ತಿ ಬರಹಕ್ಕೆ ಉಳಿಯುತ್ತೆ. ಕಷ್ಟ ಏನಂದ್ರೆ ಕೆಳಗೆ ಬಟನ್ ಸೇರಿ ಫೋನ್ ಸೌಟಿನಷ್ಟು ಉದ್ದ ಆಗುತ್ತೆ, ತೂಕವೆಲ್ಲಾ ಮೇಲುಗಡೆ, ಕೈ ಕೆಳಗಡೆ, ಮಲಗಿಕೊಂಡು ಟೈಪ್ ಮಾಡೋರು ಮುಖದ ಮೇಲೆ ಬೀಳಿಸ್ಕೋತಾರೆ. ಬೇಡ ಅನ್ಸಿದ್ರೆ ಬಿಚ್ಚಿಟ್ರಾಯ್ತು ಅನ್ನೋ ಕಾರಣಕ್ಕೆ ಮೊದಲ ಸಲದವರಿಗೆ ನಾನು ಇದನ್ನೇ ಹೇಳೋದು, ಆದ್ರೆ ನಿಮ್ಮ ಫೋನ್ ಮಾಡೆಲ್‌ಗೇ ಅಂತ ಮಾಡಿದ್ದಾ ಅಂತ ನೋಡಿ ತರಿಸ್ಬೇಕು, ಒಂದರ ಚಪ್ಪಲಿ ಇನ್ನೊಂದರ ಕಾಲಿಗೆ ಆಗಲ್ಲ.

ಪೂರ್ತಿ ಫೋನೇ ಹೊರಗಿಂದ ತರಿಸೋದಾದ್ರೆ ಸಿಮ್ ವಿಷಯ ಮರೀಬೇಡಿ. ಜಿಯೋದಲ್ಲಿ 2ಜಿ 3ಜಿ ಇಲ್ಲ, ವೋಲ್ಟೆ, ಅಂದ್ರೆ 4ಜಿ ಮೇಲೇ ಕಾಲ್ ಮಾಡೋ ವ್ಯವಸ್ಥೆ, ಇಲ್ಲದೇ ಮಾಮೂಲಿ ಕಾಲ್ ಹೋಗಲ್ಲ. ಫೋನಿನ ವಿವರದಲ್ಲಿ 4ಜಿ ಬ್ಯಾಂಡ್, ಅಂದ್ರೆ ಸಿಗ್ನಲ್ ಹಿಡಿಯೋ ತರಂಗದ ಪಟ್ಟಿ, 3, 5, 40 ಮೂರೂ ಇದೆಯಾ, 5ಜಿ ಬೇಕಿದ್ರೆ ಎನ್28 ಮತ್ತು ಎನ್78 ಇದೆಯಾ ನೋಡಿ, ಬ್ಯಾಂಡ್ ಇದ್ರೂ ನಮ್ಮ ಕಡೆ ಸಿಮ್ಮಲ್ಲಿ ವೋಲ್ಟೆ ನಡೀತು ಅಂತ ಇಲ್ಲಿ ಬಳಸ್ತಿರೋ ಯಾರಾದ್ರೂ ಹೇಳಿದಮೇಲೇ ದುಡ್ಡು ಕಟ್ಟಿ. ಪಾರ್ಸೆಲಲ್ಲಿ ಕಳಿಸಿದ್ರೆ ಕಸ್ಟಮ್ಸ್ ಸುಂಕ ಬೇರೆ ಬೀಳುತ್ತೆ, ಮಗಳು ರಜಕ್ಕೆ ಬರೋವಾಗ ತರಲಿ. ಕೆಟ್ಟರೆ ಹಾಸನದಲ್ಲಿರಲಿ, ಬೆಂಗಳೂರಿನ ಎಸ್‌ಪಿ ರೋಡಲ್ಲೂ ಪಾರ್ಟ್ ಹುಡುಕೋದು ಕಷ್ಟ, ಅದನ್ನ ತಲೇಲಿಟ್ಕೊಳ್ಳಿ.

ಅಲ್ಲಿವರೆಗೆ ಈಗಿನ ಫೋನಲ್ಲೇ ಒಂದೆರಡು ಮಾಡ್ಬಹುದು. ಜಿಬೋರ್ಡ್ ಬಳಸ್ತಿದ್ರೆ ಅದರ ಸೆಟ್ಟಿಂಗ್ಸಲ್ಲಿ ಕೀಬೋರ್ಡ್ ಎತ್ತರ ಅಂತಿದೆ, ಅದನ್ನ ಪೂರ್ತಿ ಏರಿಸಿ, ಅಕ್ಷರಗಳ ಜಾಗ ದೊಡ್ಡದಾಗುತ್ತೆ, ಹೆಬ್ಬೆಟ್ಟು ದಪ್ಪ ಇರೋರಿಗೆ ಇದರಷ್ಟು ಪುಣ್ಯದ ಸೆಟ್ಟಿಂಗ್ ಇನ್ನೊಂದಿಲ್ಲ. ತಾನಾಗೇ ತಿದ್ದೋದನ್ನ ಆಫ್ ಮಾಡಿ. ಪತ್ರಿಕೆಗೆ ಕಳಿಸೋ ಉದ್ದ ಬರಹ ಆದ್ರೆ ಆ ಒಟಿಜಿ ಕೀಬೋರ್ಡಲ್ಲೇ ಫೋನಿಗೆ ಹೊಡೀರಿ, ಟೆಸ್ಟಿಗೆ ಅಂತ ತಂದಿದ್ದು ದಿನದ ಕೆಲಸಕ್ಕೆ ಬಂದುಬಿಡಬಹುದು, ನನ್ನ ಪರಿಚಯದವರೊಬ್ಬರಿಗೆ ಹಾಗೇ ಆಗಿ ಅವರು ಬಟನ್ ಫೋನಿನ ಆಸೆನೇ ಬಿಟ್ರು.

ಮತ್ತೆ ಆ ಇ63 ಇನ್ನೂ ಬೀರುವಿನಲ್ಲಿದ್ರೆ ಇವತ್ತೇ ತೆಗೆದು ಹಿಂದಿನ ಮುಚ್ಚಳ ಬಿಚ್ಚಿ, ಬಿಪಿ-4ಎಲ್ ಅಂತ ಬ್ಯಾಟರಿ ಇರುತ್ತೆ, ಇಷ್ಟು ವರ್ಷಕ್ಕೆ ಅದು ಹಲಸಿನ ತೊಳೆ ಥರ ಉಬ್ಬಿರೋ ಸಾಧ್ಯತೆನೇ ಹೆಚ್ಚು. ಉಬ್ಬಿದ್ರೆ ಅದಕ್ಕೆ ಚಾರ್ಜ್ ಹಾಕ್ಬೇಡಿ, ಚುಚ್ಚಬೇಡಿ, ಮನೆ ಕಸದ ಜೊತೆ ಹಾಕದೇ ಇ-ವೇಸ್ಟ್ ತಗೊಳ್ಳೋರ ಹತ್ರ ಕೊಡಿ, ಫೋನ್ ಮಾತ್ರ ಇಟ್ಕೊಳ್ಳಿ. ಬ್ಯಾಟರಿ ಇಲ್ಲದಿದ್ರೂ ಬಟನ್ನು ಕ್ಲಿಕ್ ಅಂತಾವೆ.